ಪೇಟ ತೊಡಿಸಿದಿರಿ, ಸರಿ. ಕೆಲಸ ಹೇಳಿಕೊಟ್ಟಿರಾ?

ಬೆಳಿಗ್ಗೆಯಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಓಡಾಡುತ್ತಿದೆ. ನಮ್ಮ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ್ದು, ಯಾವ ಕಂಪನಿ ಅಂತ ಕೇಳಬೇಡಿ. ಸಿಎನ್‌ಸಿ ಲೇತಿನಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್ನಿನಲ್ಲಿ, ಕೈ ಪಳಗಿದ ಹುಡುಗನಿಗೆ ಮೈಸೂರು ಪೇಟ, ಶಾಲು, ಹಾರ. ಸೋಮವಾರದಿಂದ ಸೂಪರ್‌ವೈಸರ್ ಅಂತೆ. ಕೆಳಗೆ ಸಾಲುಸಾಲು ಅಭಿನಂದನೆ. ನನಗೆ ಮಾತ್ರ ಮೈ ಉರಿಯಿತು. ನನ್ನ ಹಳೇ ರಗಳೆ ಗೊತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು.

ಹೊಸ ಮೆಷಿನ್ ಬಂದರೆ ಟ್ರಯಲ್ ನೋಡುತ್ತಾರೆ, ಮ್ಯಾನುಯಲ್ ಕೇಳುತ್ತಾರೆ, ಅದನ್ನು ಮಾರಿದ ಕಂಪನಿಯವರನ್ನು ಕರೆಸಿ ಮೂರು ದಿನ ಕೂರಿಸಿಕೊಳ್ಳುತ್ತಾರೆ. ಇಡೀ ಶಿಫ್ಟಿನ ಜನರನ್ನು ಒಬ್ಬನ ಕೈಗೆ ಕೊಡುವಾಗ ಒಂದು ಫೋಟೋ ಸಾಕು! ಲೇತ್ ನಡೆಸುವುದು ಒಂದು ಕೆಲಸ, ಲೇತ್ ನಡೆಸುವವರನ್ನು ನಡೆಸುವುದು ಇನ್ನೊಂದು. ಎರಡನೆಯದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕಂಪನಿಯ ಒಳ್ಳೆಯ ಆಪರೇಟರ್ ಕೈತಪ್ಪಿದ, ಸೂಪರ್‌ವೈಸರ್ ಇನ್ನೂ ಬಂದಿಲ್ಲ.

ಮೊದಲ ಹದಿನೈದು ದಿನ ಏನಾಗುತ್ತದೆ ಅನ್ನುವುದು ಯಾವ ಶಾಪ್‌ನಲ್ಲಾದರೂ ಒಂದೇ. ಮೆಷಿನ್ ನಿಂತರೆ ಅವನಿಗೆ ಕೈ ತಡೆಯುವುದಿಲ್ಲ. ಆಪರೇಟರನ್ನು ಪಕ್ಕಕ್ಕೆ ಸರಿಸಿ ತಾನೇ ಸೆಟ್ ಮಾಡುತ್ತಾನೆ. ಎಲ್ಲರೂ ಭೇಷ್ ಅನ್ನುತ್ತಾರೆ. ಆಮೇಲೆ ಯಾವ ಮೆಷಿನ್ ನಿಂತರೂ ಎಲ್ಲರೂ ಕೈಕಟ್ಟಿ ಅವನಿಗೇ ಕಾಯುತ್ತಾರೆ. ಇನ್ನೊಂದು ಕಡೆ, ನಿನ್ನೆತನಕ 'ಬಾರ್ಲಾ, ಟೀ ಕುಡಿಯವ' ಅಂತಿದ್ದವರು ಇವತ್ತು 'ಸಾರ್' ಅನ್ನಬೇಕು. ಅವರಿಗೆ ಬಾಯಿ ಬರುವುದಿಲ್ಲ, ಇವನಿಗೆ ಕಿವಿ ಒಗ್ಗುವುದಿಲ್ಲ. ಹಾಗಾಗಿ ಒಂದೋ ಎಲ್ಲರೆದುರು ಕಿರುಚಾಡುತ್ತಾನೆ, ಇಲ್ಲವೇ ಕಂಡರೂ ಕಾಣದವನಂತೆ ಇರುತ್ತಾನೆ.

ಇನ್ನು ರಜೆ. ಮಂಡ್ಯ-ಮೈಸೂರಿನಲ್ಲಿ ಸೂಪರ್‌ವೈಸರ್ ಆಗುವವನಿಗೆ ಮೊದಲು ಕಲಿಸಬೇಕಾದ್ದೇ ಇದು. ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ಬಾಡೂಟ ಬಿಟ್ಟು ಬೆಳಿಗ್ಗೆ ಶಿಫ್ಟಿಗೆ ಬರುವ ಪುಣ್ಯಾತ್ಮರು ಎಷ್ಟು ಜನ? ಮೇಲೆ ಊರಹಬ್ಬ, ಬೀಗರೂಟ, ಭತ್ತದ ಕಟಾವು. 'ಅವತ್ತು ಯಾರಿಗೂ ರಜೆ ಇಲ್ಲ' ಅಂತ ಬೋರ್ಡ್ ಹಾಕಿದರೆ ಎಲ್ಲರಿಗೂ ಒಟ್ಟಿಗೇ ಜ್ವರ ಬರುತ್ತದೆ. ಮಾಡಬೇಕಾದ್ದು ಇಷ್ಟೆ: ಎರಡು ವಾರ ಮುಂಚೆ ಒಂದು ಹಾಳೆಯಲ್ಲಿ ಹೆಸರು ಬರೆಸಿ. ಹೊಸತೊಡಕಿಗೆ ಬರುವವರಿಗೆ ವಿಜಯದಶಮಿಯ ಆಸುಪಾಸು ರಜೆ ಅಂತ ಅಲ್ಲೇ ಬರೆದು ಸಹಿ ಮಾಡಿ, ಆ ಮಾತು ಉಳಿಸಿಕೊಳ್ಳಿ. ಪಕ್ಕದಲ್ಲಿ ಯಾರಿಗೆ ಯಾವ ಮೆಷಿನ್ ಬರುತ್ತದೆ ಅನ್ನುವ ಪಟ್ಟಿ ಇರಲಿ. ಒಬ್ಬನಿಗೆ ಮಾತ್ರ ಬರುವ ಮೆಷಿನ್ ಯಾವುದಾದರೂ ಇದ್ದರೆ, ಇನ್ನೊಬ್ಬನಿಗೆ ಕಲಿಸುವ ಕೆಲಸ ಇವತ್ತೇ ಶುರು.

ಕಲಿಸುವುದು ಹೇಗೆ? ಇದಕ್ಕೆ ಹೊಸ ಶೋಧವೇನೂ ಬೇಕಿಲ್ಲ. 1940ರಿಂದ 1945ರವರೆಗೆ, ಯುದ್ಧದ ಅವಸರದಲ್ಲಿ, ಅಮೆರಿಕದ ಕಾರ್ಖಾನೆಗಳಿಗಾಗಿ ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಎಂಬ ತರಬೇತಿ ನಡೆಯಿತು. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋಯಿತು, ಟೊಯೋಟಾ ಅದನ್ನು ಅಪ್ಪಿಕೊಂಡಿತು. ಕೆಲಸ ಕಲಿಸುವುದಕ್ಕೆ ಒಂದು ಪಾಠ, ಜನರೊಂದಿಗೆ ನಡೆದುಕೊಳ್ಳುವುದಕ್ಕೆ ಇನ್ನೊಂದು. ಒಂದೊಂದೂ ಎರಡೆರಡು ಗಂಟೆಯಂತೆ ಐದು ಬೈಠಕ್, ಒಟ್ಟು 10 ಗಂಟೆ. ಪೇಟಕ್ಕೆ ದುಡ್ಡಿದೆ, ಹತ್ತು ಗಂಟೆಗೆ ಪುರುಸೊತ್ತಿಲ್ಲ.

ಉದಾಹರಣೆಗೆ ಆಫ್‌ಸೆಟ್, ಅಂದರೆ ಅಳತೆ ತಪ್ಪಿದಾಗ ಮೆಷಿನ್ನಿಗೆ ಒತ್ತಿ ಕೊಡುವ ತಿದ್ದುಪಡಿ. ಇನ್ಸರ್ಟ್ (ಲೋಹ ಕೊರೆಯುವ ತುದಿ) ಸವೆದಂತೆ ಶಾಫ್ಟಿನ ವ್ಯಾಸ ಹೆಚ್ಚುತ್ತ ಹೋಗುತ್ತದೆ. 25.00 ಮಿ.ಮೀ. ಇರಬೇಕಾದ್ದು 25.03 ಬಂತೆನ್ನಿ, 0.03 ಮೈನಸ್ ಕೊಡಬೇಕು. ಗಾಬರಿಯಲ್ಲಿ ಪ್ಲಸ್ ಒತ್ತಿದರೆ ಮುಂದಿನದು 25.06. ಹೋಗಲಿ, ಅದನ್ನು ಮತ್ತೆ ಕೊರೆದು ಉಳಿಸಬಹುದು. ಮೈನಸ್ ಎರಡು ಸಲ ಒತ್ತಿದರೆ 24.97, ಡ್ರಾಯಿಂಗಿನಲ್ಲಿ 0.02ರಷ್ಟು ಏರುಪೇರು ಮಾತ್ರ ಬಿಟ್ಟಿದ್ದರೆ ನೇರ ಗುಜರಿಗೆ. ಪಳಗಿದವನ ಕೈಗೆ ಇದು ಗೊತ್ತು, ಬಾಯಿಗೆ ಗೊತ್ತಿಲ್ಲ. 'ನೋಡ್ಕೊಂಡು ಮಾಡಪ್ಪ' ಅಂತ ಹೊರಟುಬಿಡುತ್ತಾನೆ. ಕಲಿಸುವ ಕ್ರಮ ಬೇರೆ. ಕಲಿಯುವವನಿಗೆ ಎಷ್ಟು ಗೊತ್ತಿದೆ ಅಂತ ಮೊದಲು ಕೇಳಿ. ಹೆಜ್ಜೆ ಹೆಜ್ಜೆಯಾಗಿ ಮಾಡಿ ತೋರಿಸಿ, ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಹೇಳಿ. ಆಮೇಲೆ ಅವನ ಕೈಯಲ್ಲಿ ಮಾಡಿಸಿ, ಮಾಡುತ್ತ ಕಾರಣ ಬಾಯಿಬಿಟ್ಟು ಹೇಳಿಸಿ. ಕೊನೆಗೆ ಬಿಟ್ಟು ಹೋಗಿ, ಆದರೆ ಮೊದಲ ಪೀಸ್ ಅಳೆಯುವ ಹೊತ್ತಿಗೆ ಬನ್ನಿ. ಬರುಬರುತ್ತ ಬರುವುದನ್ನು ಕಡಿಮೆ ಮಾಡಿ.

ಎರಡನೇ ಪಾಠವೂ ಅಷ್ಟೇ ಸರಳ. ವಾರದಲ್ಲಿ ಮೂರು ಸಲ ತಡವಾಗಿ ಬಂದವನಿಗೆ ಮೆಮೊ ಕೊಡುವ ಮುಂಚೆ ಊರಿನ ಮೊದಲ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ. ವಿಷಯ ತಿಳಿದುಕೊಂಡು, ತೂಗಿ ನೋಡಿ, ಕ್ರಮ ತೆಗೆದುಕೊಂಡು, ಅದರಿಂದ ಏನಾಯಿತು ಅಂತ ಮತ್ತೆ ನೋಡಿ. ಬೈಯಲೇಬೇಕಿದ್ದರೆ ಮೆಷಿನ್ ಮುಂದೆ ಬೇಡ.

'ನಾವೆಲ್ಲ ಬೈಸಿಕೊಂಡೇ ಕಲಿತವರು, ನಮಗ್ಯಾರು ತರಬೇತಿ ಕೊಟ್ಟರು?' ಅಂತ ಹಿರಿಯರು ಬರುತ್ತಾರೆ, ಗೊತ್ತು. ಸ್ವಾಮಿ, ಹಾಗೆ ಕಲಿತು ಉಳಿದವರು ತಾವು. ಬೈಸಿಕೊಂಡು ಬಿಟ್ಟುಹೋದವರು ಕಾಮೆಂಟ್ ಹಾಕಲು ಇಲ್ಲಿಲ್ಲ. ಎಚ್‌ಆರ್‌ನವರದು ಇನ್ನೊಂದು ವರಸೆ: ಟ್ರೇನಿಂಗ್ ಕೊಟ್ಟಿದ್ದೇವಲ್ಲ! ಹೌದು, ಹೋಟೆಲಿನ ಎಸಿ ಹಾಲ್‌ನಲ್ಲಿ ಹದ್ದು, ಸಿಂಹದ ಸ್ಲೈಡು, ಮಧ್ಯಾಹ್ನ ಬಫೆ. ಸಿಂಹಕ್ಕೆ ಹೊಸತೊಡಕಿನ ರಜೆ ಹಂಚುವ ತಾಪತ್ರಯವಿಲ್ಲ.

ಸಂಬಳದ ಮಾತು ಯಾರೂ ಎತ್ತುವುದಿಲ್ಲ, ನನಗೆ ಬಿಪಿ ಏರುವುದು ಇಲ್ಲೇ. ಆಪರೇಟರ್‌ಗೆ ತಿಂಗಳಿಗೆ 18,000 ಎಂದುಕೊಳ್ಳಿ. 26 ದಿನ, 8 ಗಂಟೆಯ ಲೆಕ್ಕದಲ್ಲಿ ಗಂಟೆಗೆ ಸುಮಾರು 87 ರೂಪಾಯಿ. ಓಟಿಗೆ (ಹೆಚ್ಚುವರಿ ಗಂಟೆಯ ದುಡಿಮೆಗೆ) ದುಪ್ಪಟ್ಟು, ತಿಂಗಳಿಗೆ 30 ಗಂಟೆ ಮಾಡಿದರೂ ಐದು ಸಾವಿರದ ಮೇಲಾಯಿತು. ಸೂಪರ್‌ವೈಸರ್ ಮಾಡಿ 3,000 ಹೆಚ್ಚಿಸಿ, 'ಇನ್ನು ನೀನು ಸ್ಟಾಫ್, ಓಟಿ ಇಲ್ಲ' ಅಂದರೆ ಮನೆಗೆ ಒಯ್ಯುವುದು ಎರಡು ಸಾವಿರ ಕಮ್ಮಿ. ಬಡ್ತಿಯಂತೆ ಬಡ್ತಿ!

ಹಾಗಾಗಿ ಪೇಟಕ್ಕೆ ಮುಂಚೆ ಅವನ ಕಳೆದ ಆರು ತಿಂಗಳ ಓಟಿ ತೆಗೆದು ನೋಡಿ, ಹೊಸ ಸಂಬಳ ಅದನ್ನೂ ಸೇರಿಸಿದ ಮೊತ್ತಕ್ಕಿಂತ ಮೇಲಿರಲಿ. ಹಳೇ ಸೂಪರ್‌ವೈಸರ್ ಜೊತೆ ಒಂದು ತಿಂಗಳು ಓಡಾಡಲಿ, ಶಿಫ್ಟ್ ಬದಲಾಗುವ ಆ ಹತ್ತು ನಿಮಿಷ ಹತ್ತಿರವೇ ನಿಂತಿರಲಿ. ಮೂರು ತಿಂಗಳ ನಂತರ 'ಇದು ನನಗಾಗಲ್ಲ ಸಾರ್' ಅಂದರೆ ಸಂಬಳ ಕಡಿಯದೆ ಹಳೇ ಲೇತಿಗೆ ವಾಪಸ್ ಹೋಗಬಹುದು ಅನ್ನುವ ಸಾಲು ಬಡ್ತಿ ಆದೇಶದಲ್ಲೇ ಇರಲಿ.