ಚಾವಣಿ ಸೋರುತ್ತಿಲ್ಲ ಸ್ವಾಮಿ!

ಈ ಬರಹ ಟೈಪ್ ಮಾಡುತ್ತಿರುವ ಬೆರಳುಗಳಿಗೆ ಇನ್ನೂ ವಿನೆಗರ್ ವಾಸನೆ ಇದೆ. ಉಗುರಿನ ಸಂದಿಯಲ್ಲಿ ಬೂಷ್ಟು ಇದೆ. ಕ್ಯಾಂಪರ್‌ನ ಒಳಪರದೆ ತೊಳೆದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ, ಅಲ್ವಾ?

ಪಾಪ್-ಅಪ್ ಕ್ಯಾಂಪರ್ ಅಂದರೆ ಒಳಗೇ ಮಲಗಬಹುದಾದ ಪ್ರವಾಸದ ಗಾಡಿ. ಚಾವಣಿ ಎತ್ತಿದರೆ ಮನೆ, ಇಳಿಸಿದರೆ ಪೆಟ್ಟಿಗೆ. ನಡುವಿನ ಗೋಡೆ ಬರೀ ಬಟ್ಟೆ. ಚಳಿಗೆ ಅದು ಸಾಲದು ಅಂತ ಒಳಗೆ ಇನ್ನೊಂದು ದಪ್ಪ ಪರದೆ ಅಂಟಿಸುತ್ತೇವೆ. ಬೆಚ್ಚಗಿರುತ್ತದೆ, ಸುಳ್ಳು ಹೇಳಬಾರದು. ಆದರೆ ನಾವು ರಾತ್ರಿಯಿಡೀ ಬಿಟ್ಟ ಉಸಿರಿನ ತೇವ ಅಂಚಿನ ಸಂದಿಗಳಲ್ಲಿ ನುಸುಳಿ ಪರದೆಯ ಬೆನ್ನಿಗೆ ಹೋಗುತ್ತದೆ. ಅಲ್ಲಿ ಹೊರಗಿನ ಬಟ್ಟೆ ತಣ್ಣಗೆ ಕಾಯುತ್ತಿರುತ್ತದೆ. ಅದಕ್ಕೆ ತಾಗಿದ್ದೇ ತೇವ ನೀರಾಗುತ್ತದೆ. ಆಮೇಲೆ ಬೂಷ್ಟು, ಮುಗ್ಗಲು ವಾಸನೆ. ಮಲಗುವಾಗ ಕಿಟಕಿಯ ಜಿಪ್ ಸ್ವಲ್ಪ ತೆರೆದಿಟ್ಟರೆ ಮುಕ್ಕಾಲು ತಾಪತ್ರಯ ತಪ್ಪುತ್ತದೆ.

ನಮ್ಮವರಿಗೆ ತೆರೆದ ಜಿಪ್ ಕಂಡರೆ ಆಗುವುದಿಲ್ಲ.

ನಾನು ನಾಲ್ಕು ಬೆರಳು ತೆರೆದು ಮಲಗುತ್ತೇನೆ. ಕತ್ತಲಲ್ಲಿ ಒಂದು ಕೈ ನನ್ನ ಮೂಗಿನ ಮೇಲಿಂದ ಹಾದು ಹೋಗುತ್ತದೆ. ಝುಯ್ಯ್. ಮುಚ್ಚಿತು. ನಾನು ಮತ್ತೆ ತೆರೆಯುತ್ತೇನೆ. ಅವರು ನಿದ್ದೆಯಲ್ಲಿ ಮಗ್ಗುಲಾದ ಹಾಗೆ ನಟಿಸಿ ಮತ್ತೆ ಮುಚ್ಚುತ್ತಾರೆ. ಕೇಳಿದರೆ, "ದುಡ್ಡು ಕೊಟ್ಟು ಬಿಸಿ ಮಾಡಿದ ಗಾಳಿ, ಸುಮ್ನೆ ಹೊರಗಿನವರಿಗೆ ಯಾಕೆ?" ಅನ್ನುತ್ತಾರೆ. ಹೊರಗೆ ಇರುವುದು ಎರಡು ಮರ.

ಒಳಗೆ ಗ್ಯಾಸ್ ಒಲೆ ಹಚ್ಚಿದರೂ ತೇವ ಏರುತ್ತದೆ, 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಬರುತ್ತದೆ ಅಂತ ಲೆಕ್ಕ ಸಮೇತ ತಿಳಿಸಿ ಹೇಳಿದೆ. ಅವರು ಯೋಚಿಸಿ, "ಹಾಗಾದರೆ 600 ಗ್ರಾಂ ಲಾಭ!" ಅಂದರು. ಗಾಳಿಯ ಆಮ್ಲಜನಕವೂ ಸೇರುತ್ತದೆ ಅಂತ ವಿವರಿಸುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಬಾಯಿ ತೆರೆದೇ ಗೊರಕೆ. ಒಂದೊಂದು ಗೊರಕೆಗೂ ತೇವ.

ಬೆಳಿಗ್ಗೆ ಅವರ ಹಣೆಯ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಎದ್ದು ಕೂತು, "ಚಾವಣಿ ಸೋರುತ್ತಿದೆ!" ಅಂದರು. ಹೊರಗೆ ಒಂದು ತುಂಡು ಮೋಡ ಇಲ್ಲ. ಹುಲ್ಲು ಕೂಡ ಒಣಗಿದೆ. ಹೇಳಿದರೆ ಕೇಳಬೇಕಲ್ಲ? ಏಣಿ ಬಂತು, ಸಂದಿ ಮುಚ್ಚುವ ಸೀಲೆಂಟ್ ಟ್ಯೂಬ್ ಬಂತು, ಮಹಾಶಯರು ಪೈಜಾಮದಲ್ಲೇ ಹತ್ತಿದರು. ತಮ್ಮದೇ ಬಾಯಿಂದ ಹೊರಟ ನೀರಿನ ಮೂಲವನ್ನು ಚಾವಣಿ ಮೇಲೆ ಹುಡುಕುತ್ತಾ, ಒಂದೊಂದು ಸ್ಕ್ರೂ ತಲೆಗೂ ಸೀಲೆಂಟ್ ಬಳಿದರು. ಪಕ್ಕದಲ್ಲಿ ಬಿಡಾರ ಹೂಡಿದ್ದವರು ನಿಂತು ನೋಡಿದರು. "ಮಳೆ ಬಂತಾ?" ಅಂತ ಒಬ್ಬರು ಕೇಳಿದರು. "ರಾತ್ರಿ ಜೋರು," ಅಂದರು ನಮ್ಮವರು.

ಪರದೆ ಬಿಚ್ಚುವ ಪಾಳಿ ನನ್ನದು. ತಣ್ಣೀರು, ಮೃದು ಸೋಪು, ಹಿಂಡಬಾರದು, ಮೆಷಿನ್‌ಗೆ ಹಾಕಬಾರದು. ಒಳಗಿನ ಮಿರುಗುವ ಪದರ ಸೀಳಿದರೆ ಮುಗಿಯಿತು. ಪರದೆಯನ್ನು ಗೋಡೆಗೆ ಅಂಟಿಸುವ ವೆಲ್ಕ್ರೋ ಪಟ್ಟಿಯನ್ನು ಮೊದಲು ಅದರ ಜೋಡಿಗೇ ಅಂಟಿಸಿ ಮುಚ್ಚಬೇಕು, ಇಲ್ಲದಿದ್ದರೆ ಕಾಲುಚೀಲ, ಕೂದಲು ಎಲ್ಲವೂ ಅದಕ್ಕೇ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಈ ಉಪಾಯ ಹುಡುಕಿದನಂತೆ. ಆ ನಾಯಿ ಅವತ್ತು ಮನೆಯಲ್ಲೇ ಮಲಗಿರಬಾರದಿತ್ತೇ!

ವಿನೆಗರ್ ಒರೆಸಿದರೆ ವಾಸನೆ ಹೋಗುತ್ತದೆ, ಕಪ್ಪು ಚುಕ್ಕಿ ಹೋಗುವುದಿಲ್ಲ. "ಜೊತೆಗೆ ಒಂಚೂರು ಬ್ಲೀಚ್?" ಅಂತ ಚಾವಣಿಯಿಂದ ಸಲಹೆ ಬಂತು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಟಲಿ ಬಚ್ಚಿಟ್ಟೆ.

ಪರದೆ ಇಲ್ಲದ ಗೋಡೆ ನೋಡಿ ಯಾಕೋ ಹಳೆಯದೆಲ್ಲ ನೆನಪಾಯಿತು. ಮೊದಮೊದಲು ನಮ್ಮ ಹತ್ತಿರ ಈ ಪರದೆಯೇ ಇರಲಿಲ್ಲ. ಉಣ್ಣೆ ಟೋಪಿ ಹಾಕಿ ಮಲಗುತ್ತಿದ್ದೆವು. ಬೆಳಗಿನ ಬೆಳಕು ಬಟ್ಟೆಯೊಳಗಿಂದಲೇ ಬರುತ್ತಿತ್ತು. ನಡುಗುತ್ತಾ ರಾತ್ರಿಯೆಲ್ಲ ಮಾತಾಡುತ್ತಿದ್ದೆವು. ಈಗ ಬೆಚ್ಚಗಿದೆ, ಮಾತಿನ ಬದಲು ಜಿಪ್.

ಒಣಗಲು ಎರಡು ದಿನ ಬೇಕು. ಮೇಲೆ ಒಣಗಿದ ಹಾಗೆ ಕಂಡರೂ ಒಳಗಿನ ಹತ್ತಿ ನೀರು ಬಿಟ್ಟಿರುವುದಿಲ್ಲ. ಅಷ್ಟರಲ್ಲಿ ನಮ್ಮವರು ಒಂದು ಉಪಕಾರ ಮಾಡಿದರು. ಯಾವುದು ಎಲ್ಲಿಗೆ ಅಂತ ಗೊಂದಲ ಆಗಬಾರದು ಅಂತ ಎಲ್ಲದರ ಮೇಲೂ ದಪ್ಪ ಅಕ್ಷರದಲ್ಲಿ 'ಎಡ', 'ಬಲ' ಅಂತ ಬರೆದರು. ಬೋರಲು ಹಾಕಿದ್ದ ಪರದೆಗಳ ಮೇಲೆ. ಅಂದರೆ 'ಎಡ' ಅಂತ ಬರೆದಿದ್ದೆಲ್ಲ ಬಲಕ್ಕೆ. ಅಳಿಸೋಣ ಅಂದರೆ ಪರ್ಮನೆಂಟ್ ಮಾರ್ಕರ್. ಬ್ಲೀಚ್ ಮುಟ್ಟುವ ಹಾಗಿಲ್ಲ.