ಈ ಬದಿ ಒಳಗೆ

ನಮ್ಮ ಅಂಬಾಸಿಡರ್ ಕಾರಿನ ಬಲಬಾಗಿಲು ಮೂರು ವಾರಗಳಿಂದ, ಇಸ್ತ್ರಿಗೆ ಕೊಟ್ಟ ಅಂಗಿ ಬರುವ ತನಕ ಬನಿಯನ್ನಿನಲ್ಲೇ ಓಡಾಡುವ ಹಿರಿಯರ ಹಾಗೆ, ಬರಿಯ ತಗಡಿನಲ್ಲಿ ಊರು ಸುತ್ತುತ್ತಿದೆ. ಅದರ ಒಳಹೊದಿಕೆಯನ್ನು ಹೊಸದಾಗಿ ಮಾಡಿಕೊಡಲು ಒಪ್ಪಿದ ಕುಶನ್ ಅಂಗಡಿಯವರು, ಅಳತೆಗೆ ಬೇಕೆಂದು ಗಾಜು ಇಳಿಸುವ ಹಿಡಿಯನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಹೀಗಾಗಿ ನಿನ್ನೆ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದಿಕೊಳ್ಳದಿದ್ದಾಗ ನಾನು ಗಾಜು ಇಳಿಸಲಾಗದೆ ಬಾಗಿಲನ್ನೇ ತೆರೆದೆ. ಜಗಳಕ್ಕೇ ಇಳಿಯುತ್ತಿದ್ದೇನೆಂದು ಭಾವಿಸಿದ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ.

ಕಾರು ಅಪ್ಪ ಕೊಂಡದ್ದು, 1986ರ ಮಾರ್ಕ್ 4. ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿದ್ದರಿಂದ ಬಾಗಿಲಿನ ಒಳಬದಿಯನ್ನು ಮುಚ್ಚುವ, ಹಾರ್ಡ್‌ಬೋರ್ಡಿಗೆ ರೆಕ್ಸಿನ್ ಅಂಟಿಸಿದ ಹೊಸ ಡೋರ್ ಪ್ಯಾಡ್ ಕೊಂಡು ತರುವುದು ಸುಲಭವಲ್ಲ. ಹಳೆಯದನ್ನು ನೋಡಿ ಮಾಡಿಸಿಕೊಳ್ಳಬೇಕು. ಗಾಜಿನ ಅಂಚಿನ ರಬ್ಬರು ಬಿರಿದರೆ ಮಳೆನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ. ಅದು ಹರಿದುಹೋಗಲೆಂದೇ ತಳದಲ್ಲಿ ಬಿಟ್ಟಿರುವ ತೂತುಗಳಲ್ಲಿ ಮಣ್ಣು ಕಟ್ಟಿಕೊಂಡರೆ ತಗಡಿಗೆ ತುಕ್ಕು, ಹಾರ್ಡ್‌ಬೋರ್ಡಿಗೆ ಊತ ತಪ್ಪಿದ್ದಲ್ಲ. ನಮ್ಮದು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿ, ಕೆಳಗಿನ ಕ್ಲಿಪ್ಪುಗಳನ್ನೆಲ್ಲ ಉದುರಿಸಿಕೊಂಡಿತ್ತು.

ಕುಶನ್ ಅಂಗಡಿಯವರ ಕಾಲಗಣನೆಯೇ ಬೇರೆ. ಯಾವಾಗ ಕೊಡುತ್ತೀರೆಂದು ಕೇಳಿದರೆ ಅವರು ನಾಳೆ, ನಾಡಿದ್ದು ಎಂದು ಸುಳ್ಳು ಹೇಳುವವರಲ್ಲ. "ಆಯ್ತು ಅಂತ್ಲೇ ಇಟ್ಕೊಳ್ಳಿ ಸಾರ್" ಎನ್ನುತ್ತಾರೆ. ಬೋರ್ಡು ಇನ್ನೂ ಕತ್ತರಿಸಿರದ ದಿನವೂ ಆಯ್ತು, ರೆಕ್ಸಿನ್ ಬಣ್ಣ ಆರಿಸಿರದ ದಿನವೂ ಆಯ್ತು. ಶಾಲೆಯಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲಗಳನ್ನು ಕಲಿತಿದ್ದ ನನಗೆ, ಇನ್ನೂ ಆಗದಿರುವುದನ್ನು ಆಗಿಹೋಗಿದೆಯೆಂದು ನಾನೇ ಇಟ್ಟುಕೊಳ್ಳಬೇಕಾದ ಈ ನಾಲ್ಕನೆಯ ಕಾಲವನ್ನು ಕಲಿಸಿದವರು ಅವರೇ. ಮುಂಗಡವನ್ನು ಮಾತ್ರ ಅವರು ಕೊಟ್ಟರು ಅಂತ ಇಟ್ಟುಕೊಳ್ಳಲಿಲ್ಲ, ಎಣಿಸಿಯೇ ತೆಗೆದುಕೊಂಡರು.

ಕಡೆಗೆ ಮೂರನೆಯ ಶನಿವಾರ ಪ್ಯಾಡ್ ನಿಜವಾಗಿಯೂ ಆಗಿತ್ತು. ಕಡುಗೆಂಪು ರೆಕ್ಸಿನ್, ಗೀಟು ಹಾಕಿದಂತೆ ಹೊಲಿಗೆ. ಹೊಗಳಬೇಕೆಂದು ಬಾಯಿ ತೆರೆಯುತ್ತಲೇ ಅದನ್ನು ಬಾಗಿಲಿಗೆ ಹಿಡಿದೆ. ಹಿಡಿ ಕೂರುವ ಕಡ್ಡಿ ಒಂದು ಕಡೆ, ತೂತು ಇನ್ನೊಂದು ಕಡೆ. ಬೋರ್ಡನ್ನು ಸರಿಯಾಗಿಯೇ ಕತ್ತರಿಸಿ, ರೆಕ್ಸಿನ್ನನ್ನು ಅದರ ಬೆನ್ನಿಗೆ ಅಂಟಿಸಿದ್ದರು! ಅವರು ಗಲಿಬಿಲಿಗೊಳ್ಳದೆ ಪ್ಯಾಡನ್ನು ತಲೆಕೆಳಗು ಮಾಡಿದರು. ತೂತು ಸರಿಯಾದ ಬದಿಗೆ ಬಂತು, ಆದರೆ ನನ್ನ ಮೊಣಕಾಲಿನ ಎತ್ತರಕ್ಕೆ ಇಳಿಯಿತು. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನೋಡಿ, ಕಾರನ್ನು ಬಳಸಿ ಆಚೆಗೆ ಹೋಗಿ, "ಇದು ಎಡಗಡೆ ಡೋರ್‌ದು ಸಾರ್, ನೋಡಿ ಹೆಂಗ್ ಕೂರುತ್ತೆ" ಎಂದರು. ಕೂತಿತು ಕೂಡ. ಎಡಬಾಗಿಲಿಗೆ ಅಂಥ ಅಗತ್ಯವೇನೂ ಇರಲಿಲ್ಲವೆಂದು ನಾನು ಹೇಳಿದ್ದಕ್ಕೆ, "ಅದೂ ಹೋಗುತ್ತಲ್ಲ ಸಾರ್" ಎಂದು ಸಮಾಧಾನ ಮಾಡಿದರು.

ಸಾಕ್ಷಿಗೆಂದು ಹಳೆಯ ಬೋರ್ಡನ್ನು ತರಿಸಿ ಮಗುಚಿ ನೋಡಿದೆ. ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ, ಬಲಕ್ಕೆ ವಾಲಿದ ಅಕ್ಷರಗಳು: "ಬಲ ಬಾಗಿಲು. ಈ ಬದಿ ಒಳಗೆ." ಪಕ್ಕದಲ್ಲಿ ಮೇಲ್ಮುಖವಾದ ಬಾಣ. ಮಾತ್ರೆ ಡಬ್ಬಿಗಳಿಗೆ, ಮೀಟರ್ ಬೋರ್ಡಿನ ಸ್ವಿಚ್ಚುಗಳಿಗೆ, ಅಟ್ಟದ ಮೇಲಿನ ಖಾಲಿ ಪೆಟ್ಟಿಗೆಗಳಿಗೂ ಚೀಟಿ ಬರೆದು ಅಂಟಿಸುತ್ತಿದ್ದ ಅಪ್ಪನ ಕೈಬರಹ. ಅವರು ಯಾವಾಗ ಈ ಬಾಗಿಲು ಬಿಚ್ಚಿದ್ದರೋ ನನಗೆ ತಿಳಿಯದು. ನೀರು ಕುಡಿದ ಕಡೆ "ಒಳಗೆ"ಯ ಕೊನೆಯ ಅಕ್ಷರ ಕಲೆಯಾಗಿ ಹರಡಿತ್ತು. ಬೋರ್ಡನ್ನು ಮನೆಯಿಂದ ಅಂಗಡಿಗೆ ಕಂಕುಳಲ್ಲಿ ಹೊತ್ತೊಯ್ದವನು ನಾನೇ. ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಅಂಗಡಿಯವರನ್ನು ಬೈಯಲು ಸಿದ್ಧಪಡಿಸಿಕೊಂಡಿದ್ದ ಮಾತುಗಳಲ್ಲಿ ಅರ್ಧ ಅಲ್ಲಿಯೇ ಹೋದವು.

ಈಗ ಹೊಸ ಬೋರ್ಡು ಕತ್ತರಿಸುತ್ತಿದ್ದಾರೆ. ಅವರ ಕಿವಿಯ ಮೇಲಿದ್ದ ಪೆನ್ಸಿಲ್ ಕೇಳಿ ಪಡೆದು, ಅಪ್ಪನ ಎರಡು ವಾಕ್ಯಗಳನ್ನು ಬಾಣದ ಸಮೇತ ನಕಲು ಮಾಡಿದೆ. ನಂಬಿಕೆ ಸಾಲದೆ ಬೋರ್ಡನ್ನು ಮಗುಚಿ ಇನ್ನೊಂದು ಬದಿಯಲ್ಲಿ "ರೆಕ್ಸಿನ್ ಇಲ್ಲಿ" ಎಂದೂ ದಪ್ಪಗೆ ಬರೆದೆ.

"ಇದೆಲ್ಲ ಯಾಕೆ ಸಾರ್, ಆಯ್ತು ಅಂತ್ಲೇ ಇಟ್ಕೊಳ್ಳಿ" ಎಂದರು ಅವರು, ಪೆನ್ಸಿಲ್ಲಿಗೆ ಕೈ ಚಾಚುತ್ತಾ.