ಐದು ಅಡಿ ಏಳು ಇಂಚು ಗೋಡೆ ಎಲ್ಲಿ ಹೋಯ್ತು?

2007ರ ಕ್ರಿಸ್‌ಮಸ್ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಮೃಗಾಲಯದ ಹುಲಿ ತಾತಿಯಾನಾ ತನ್ನ ಆವರಣದಿಂದ ಹೊರಗೆ ಬಂದು, ನೋಡಲು ಬಂದಿದ್ದ ಮೂವರು ಹುಡುಗರ ಮೇಲೆ ಬಿದ್ದದ್ದು ಹೇಗೆ? ಪ್ರಶ್ನೆ ಎದ್ದದ್ದೇ ತಡ, ಊರಿಗೆ ಊರೇ ಪತ್ತೇದಾರಿಕೆಗೆ ಇಳಿಯಿತು. ಹುಡುಗರು ಕವಣೆ ಬೀಸಿದರಂತೆ. ಅಲ್ಲ, ಪೈನ್ ಕಾಯಿ ಎಸೆದರಂತೆ. ಅದೂ ಅಲ್ಲ, ಒಬ್ಬ ಕಂಬಿ ಮೇಲಿಂದ ಕಾಲು ಇಳಿಬಿಟ್ಟನಂತೆ, ಹುಲಿ ಅದನ್ನೇ ಹಿಡಿದು ಹತ್ತಿತಂತೆ. ಕಂಬಿ ಮೇಲೆ ಶೂ ಗುರುತು ಸಿಕ್ಕಾಗಲಂತೂ ಕೇಸು ಮುಗಿದೇ ಹೋಯಿತು ಅನ್ನುವಷ್ಟು ಸಂಭ್ರಮ.

ಈ ಕಾಲಿನ ಕಥೆ ನನಗೆ ಬಹಳ ಇಷ್ಟ. ನೂರು ಕಿಲೋ ದಾಟಿದ ಹುಲಿ ಕಾಲಿಗೆ ಜೋತುಬಿದ್ದು ಮೇಲೆ ಬರುತ್ತದೆ. ಕಾಲಿನ ಯಜಮಾನ ಅಷ್ಟೂ ಹೊತ್ತು ಕಂಬಿ ಬಿಡದೆ ಕೂತಿರುತ್ತಾನೆ. ಅಂಥವನನ್ನು ಪೊಲೀಸರು ವಿಚಾರಿಸೋದಾ? ಸೀದಾ ಒಲಿಂಪಿಕ್ಸ್‌ಗೆ ಕಳಿಸಬೇಕಿತ್ತು.

ಇಷ್ಟೆಲ್ಲ ಆಗುವಾಗ ಹುಲಿಯ ಆವರಣದ ಗೋಡೆ ಪಾಪ ಸುಮ್ನೆ ನಿಂತಿತ್ತು. ಮೃಗಾಲಯದ ನಿರ್ದೇಶಕರು ಮೊದಲು ಅದರ ಎತ್ತರ 18 ಅಡಿ ಅಂದರು. ಆಮೇಲೆ ಟೇಪು ಹಿಡಿದರು. 12 ಅಡಿ 5 ಇಂಚು! ಅಲ್ಲಿನ ಮೃಗಾಲಯಗಳ ಸಂಘದ ಪ್ರಕಾರವೇ ಕಡೇಪಕ್ಷ 16 ಅಡಿ 4 ಇಂಚು ಇರಬೇಕಿತ್ತು. ಗೋಡೆ ಕಟ್ಟಿದ್ದು 1940ರಲ್ಲಿ. ಅದೇ ಸಂಘದವರು ಬಂದು, ನೋಡಿ, ಮಾನ್ಯತೆಯನ್ನೂ ಕೊಟ್ಟು ಹೋಗಿದ್ದರು. ಕಾಫಿ ಚೆನ್ನಾಗಿತ್ತೇನೋ.

ಬಾಯಲ್ಲಿದ್ದ ಗೋಡೆಗೂ ನೆಲದ ಮೇಲಿದ್ದ ಗೋಡೆಗೂ ಐದು ಅಡಿ ಏಳು ಇಂಚು ವ್ಯತ್ಯಾಸ. ಅಂದರೆ ಒಂದಾಳು ಎತ್ತರ. ನಮ್ಮಲ್ಲಾದರೆ ಇದು ಒಗಟೇ ಅಲ್ಲ: ಅಷ್ಟನ್ನು ಕಂಟ್ರಾಕ್ಟರು ತಿಂದ, 18 ಅಡಿಗೆ ಬಿಲ್ ಪಾಸಾಯಿತು, ಇಂಜಿನಿಯರ್ ಮನೆಗೆ ಮೇಲೊಂದು ಮಹಡಿ ಬಂತು. ಲೆಕ್ಕ ಚುಕ್ತಾ. ಅಲ್ಲಿ ಯಾರೂ ತಿಂದಿಲ್ಲ, ಯಾರೂ ಅಳೆದಿಲ್ಲ. ಪ್ರಾಮಾಣಿಕತೆ ಅಂದ್ರೆ ಇದು! ಅದೂ ನಮ್ಮ ಹುಡುಗರು ಹಗಲೂ ರಾತ್ರಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಸಿಲಿಕಾನ್ ಕಣಿವೆಯ ಪಕ್ಕದಲ್ಲೇ.

ತಲೆಯಿಂದ ರಕ್ತ ಸುರಿಸಿಕೊಂಡು ಓಡಿಬಂದ ಹುಡುಗನ ಮಾತನ್ನೇ ಸಿಬ್ಬಂದಿ ಮೊದಲು ನಂಬಲಿಲ್ಲ. ಯಾವ ಪ್ರಾಣಿಯೂ ತಪ್ಪಿಸಿಕೊಂಡ ಹಾಗಿಲ್ಲವಲ್ಲ ಅಂದರು. ಸರಿಯೇ. ಹುಲಿ ರಜಾ ಅರ್ಜಿ ಕೊಟ್ಟಿರಲಿಲ್ಲ.

ಅದಕ್ಕೆ ಒಂದು ವರ್ಷದ ಹಿಂದೆ, 2006ರ ಡಿಸೆಂಬರಿನಲ್ಲಿ, ಇದೇ ತಾತಿಯಾನಾ ಊಟ ಹಾಕಲು ಬಂದವರ ಕೈಯನ್ನು ಜನರೆದುರೇ ಕಚ್ಚಿ ಸೀಳಿತ್ತು. ತಪ್ಪು ಮೃಗಾಲಯದ್ದೇ ಅಂತ ರಾಜ್ಯದ ಸುರಕ್ಷತಾ ಇಲಾಖೆ ಹೇಳಿತ್ತು. ಆಗಲಾದರೂ ಒಬ್ಬರು ಟೇಪು ತೆಗೆಯಬಾರದಿತ್ತಾ?

ಹುಲಿಯನ್ನು ಕೆಣಕಿರಬೇಕು ಅಂತ 2011ರಲ್ಲಿ ಹೊರಬಂದ ಸರ್ಕಾರಿ ಕಾಗದಪತ್ರದಲ್ಲೂ ಇದೆ. ಕೆಣಕಿದರು ಅಂತಲೇ ಇಟ್ಟುಕೊಳ್ಳೋಣ. ಕೆಣಕುವವರು ಬಂದೇ ಬರುತ್ತಾರೆ ಅಂತ ತಾನೇ ಗೋಡೆ ಕಟ್ಟೋದು? ಹದಿನೇಳು ವರ್ಷದ ಹುಡುಗ ಸತ್ತ. ಇಬ್ಬರ ಮೈ ಸೀಳಿತು. ಹುಲಿಯಾಗಿ ನಡೆದುಕೊಂಡ ಹುಲಿಗೆ ಪೊಲೀಸರು ಗುಂಡು ಹೊಡೆದರು. ಟಿಕೆಟ್ ದುಡ್ಡು ತಗೊಂಡವರಿಗೆ ಗೋಡೆ ಎಷ್ಟು ಎತ್ತರ ಅಂತಲೇ ಗೊತ್ತಿರಲಿಲ್ಲ. ಅರವತ್ತೇಳು ವರ್ಷ ಗೊತ್ತಿರಲಿಲ್ಲ! ಇದಕ್ಕೆ ಯಾವ ಕವಣೆ ಕಾರಣ ಹೇಳಿ?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಮಾತ್ರ ಜೋರಾಗಿ ನಡೆಯಿತು. ಜನವರಿ 3ಕ್ಕೆ ಮೃಗಾಲಯ ತೆರೆಯಿತು, ಹೊಸ ಬೋರ್ಡುಗಳು ಬಂದವು: ಗಾಜು ತಟ್ಟಬೇಡಿ, ಏನೂ ಎಸೆಯಬೇಡಿ, ಪ್ರಾಣಿಗಳನ್ನು ರೇಗಿಸಬೇಡಿ. ಗೋಡೆ ಎಷ್ಟು ಅಡಿ ಅಂತಲೂ ಒಂದು ಬೋರ್ಡು ಹಾಕಲಿ. ಟೇಪು ನಾವೇ ತರುತ್ತೇವೆ.